ಬೆವರುವ ಊರಿನಲ್ಲಿ ಹೀಟರ್ ರಿಪೇರಿ

ಕಾಸರಗೋಡು ಜಿಲ್ಲೆಯಲ್ಲಿ ಓಡಾಡುವ ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಎಲ್ಲಕ್ಕಿಂತ ಕಡಿಮೆ ಸವೆದಿರುವ ಭಾಗವೆಂದರೆ ಗಾಳಿಯನ್ನು ಬಿಸಿ ಮಾಡುವ ಲಿವರ್. ನೀಲಿ ತುದಿಯಿಂದ ಕೆಂಪು ತುದಿಯವರೆಗೆ ಅದನ್ನು ಎಳೆದು ನೋಡಿದವರು ಈ ಕಡೆ ವಿರಳ. ಮಾರ್ಚಿನಿಂದ ಮೇ ಕೊನೆಯವರೆಗೆ ಫ್ಯಾನಿನ ಅಡಿಯಲ್ಲಿ ಕುಳಿತರೂ ಬೆನ್ನು ಒದ್ದೆಯಾಗುವ, ಡಿಸೆಂಬರಿನ ಬೆಳಗಿನಲ್ಲೂ ಸ್ವೆಟರ್ ಹುಡುಕಬೇಕಾಗದ ಕರಾವಳಿಯಲ್ಲಿ ಕಾರಿಗೊಂದು ಹೀಟರ್ ಇರುವುದೇ ತಮಾಷೆ ಎಂದುಕೊಳ್ಳುವವರನ್ನು ದೂರುವಂತಿಲ್ಲ. ಹೀಗಾಗಿ ಆ ಹೀಟರಿನ ಕಾಯಿಲ್ ಸೋರತೊಡಗಿದಾಗ ಇಲ್ಲಿಯ ಗ್ಯಾರೇಜುಗಳಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ. ನನಗೂ ಅದೇ ಸಿಕ್ಕಿತು: “ಟೀಚರೇ, ನಮ್ಮ ಊರಿನಲ್ಲಿ ಹೀಟರ್ ಯಾಕೆ? ಎರಡೂ ಹೋಸನ್ನು ಸೇರಿಸಿ ಬೈಪಾಸ್ ಮಾಡಿಬಿಡುವ. ಅರ್ಧ ಗಂಟೆಯ ಕೆಲಸ.”

ಹಾಗೆ ಹೇಳಿದ ಮೆಕ್ಯಾನಿಕ್ ಕೆಲಸಗಳ್ಳರಲ್ಲ. ಬದಿಯಡ್ಕದ ಸುತ್ತಮುತ್ತ ಅವರ ಕೈಯಲ್ಲಿ ರಿಪೇರಿಯಾಗದ ಜೀಪಾಗಲಿ ಪಿಕಪ್ ಆಗಲಿ ಇರಲಿಕ್ಕಿಲ್ಲ. ಮಲಯಾಳ, ತುಳು, ಕನ್ನಡ ಮೂರರಲ್ಲಿಯೂ ಇಂಜಿನಿನ ರೋಗವನ್ನು ವಿವರಿಸಬಲ್ಲವರು. ಅವರ ಲೆಕ್ಕ ಸರಳ: ತೊಂಬತ್ತರ ದಶಕದ ಕೊನೆಯ ಸಣ್ಣ ಕಾರು, ಅದರ ಇಂದಿನ ಬೆಲೆಯೇ ಅಷ್ಟಕ್ಕಷ್ಟೆ, ಡ್ಯಾಶ್‌ಬೋರ್ಡನ್ನೇ ಬಿಚ್ಚಿಸುವ ರಿಪೇರಿಗೆ ಕೂಲಿ ಕೊಡುವ ಬದಲು ಎರಡು ಕ್ಲಿಪ್ಪು ಮತ್ತು ಒಂದು ತುಂಡು ಪೈಪಿನಲ್ಲಿ ಮುಗಿಸಬಾರದೇ? ನಾನು ಒಪ್ಪಲಿಲ್ಲ. ಈ ಊರಿನಲ್ಲಿ ಹೀಟರಿನ ಕೆಲಸ ಜನರನ್ನು ಬೆಚ್ಚಗಿಡುವುದಲ್ಲ, ಗಾಜನ್ನು ಒಣಗಿಸುವುದು. ಮತ್ತು ಅದು ಸೋರತೊಡಗಿದೆ ಎಂದರೆ ಇಂಜಿನಿನೊಳಗಿನ ನೀರು ಕೆಟ್ಟು ಬಹಳ ಕಾಲವಾಗಿದೆ ಎಂದು ಅರ್ಥ. ಬೈಪಾಸ್ ಮಾಡಿದರೆ ಮೊದಲನೆಯ ಉಪಯೋಗ ಇಲ್ಲವಾಗುತ್ತದೆ, ಎರಡನೆಯ ಎಚ್ಚರಿಕೆ ಕಣ್ಣಿಗೆ ಬೀಳದಂತಾಗುತ್ತದೆ.

ಹೀಟರ್ ಕೋರ್, ಅಂದರೆ ಗ್ಯಾರೇಜಿನ ಮಾತಿನಲ್ಲಿ ಹೀಟರ್ ಕಾಯಿಲ್, ಡ್ಯಾಶ್‌ಬೋರ್ಡಿನ ಹಿಂದೆ ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಅಡಗಿರುವ ಪುಟ್ಟ ರೇಡಿಯೇಟರ್. ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಇಂಜಿನಿನ ಸುತ್ತ ಹರಿಯುವ ನೀರಿಗೆ ಶಾಖವಾಗಿ ಸೇರುತ್ತದೆ. ಆ ಬಿಸಿನೀರಿನ ಒಂದು ಸಣ್ಣ ಪಾಲು ಇಂಜಿನ್ ಮತ್ತು ಒಳಕೋಣೆಯ ನಡುವಿನ ತಗಡಿನ ಗೋಡೆಯನ್ನು ಎರಡು ರಬ್ಬರ್ ಹೋಸುಗಳ ಮೂಲಕ ದಾಟಿ, ಒಂದರಲ್ಲಿ ಕಾಯಿಲಿಗೆ ಬಂದು, ಇನ್ನೊಂದರಲ್ಲಿ ವಾಟರ್ ಪಂಪಿಗೆ ಮರಳುತ್ತದೆ. ಬ್ಲೋವರ್ ಊದಿದ ಗಾಳಿ ಕಾಯಿಲಿನ ತೆಳು ರೆಕ್ಕೆಗಳ ನಡುವಿನಿಂದ ಹಾದು ಬಿಸಿಯಾಗಿ ಗಾಜಿನ ಬುಡಕ್ಕೋ ಕಾಲಿನ ಬಳಿಗೋ ಬರುತ್ತದೆ. ಕೆಲವು ಕಾರುಗಳಲ್ಲಿ ಲಿವರ್ ಎಳೆದರೆ ಕೇಬಲ್ ಒಂದು ಕವಾಟವನ್ನು ತೆರೆದು ನೀರನ್ನು ಬಿಡುತ್ತದೆ. ಇನ್ನು ಕೆಲವದರಲ್ಲಿ ನೀರು ವರ್ಷವಿಡೀ ಹರಿಯುತ್ತಲೇ ಇದ್ದು, ಗಾಳಿಯ ದಾರಿಯನ್ನು ಮಾತ್ರ ಒಂದು ರೆಕ್ಕೆಬಾಗಿಲು ಬದಲಿಸುತ್ತದೆ. ಎರಡನೆಯ ಬಗೆಯ ಕಾರಿನಲ್ಲಿ ‘ನಾವು ಹೀಟರ್ ಬಳಸುವುದೇ ಇಲ್ಲ’ ಎನ್ನುವ ಮಾತಿಗೆ ಅರ್ಥವಿಲ್ಲ. ಬಳಸಲಿ ಬಿಡಲಿ, ಕಾಯಿಲ್ ಪ್ರತಿದಿನವೂ ಬಿಸಿನೀರನ್ನೂ ಒತ್ತಡವನ್ನೂ ಹೊತ್ತುಕೊಂಡೇ ಇರುತ್ತದೆ. ಆ ಒತ್ತಡವೂ ಕಡಿಮೆಯದಲ್ಲ: ರೇಡಿಯೇಟರ್ ಮುಚ್ಚಳದ ಮೇಲೆ 0.9 (ಬಾರ್; ಒಂದು ಬಾರ್ ಎಂದರೆ ಸುಮಾರು ಒಂದು ವಾತಾವರಣದ ಒತ್ತಡ) ಎಂದಿದ್ದರೆ, ಹೊರಗಿನ ವಾತಾವರಣಕ್ಕಿಂತ ಅಷ್ಟು ಹೆಚ್ಚಿನ ಒತ್ತಡವನ್ನು ತಡೆದಿಟ್ಟು, ಬರಿಯ ನೀರೂ 118 ಡಿಗ್ರಿ ಸೆಲ್ಸಿಯಸ್‌ನ ತನಕ ಕುದಿಯದಂತೆ ಅದು ನೋಡಿಕೊಳ್ಳುತ್ತದೆ.

ಸೋರಿಕೆ ಮೊದಲು ಕಾಣಿಸಿಕೊಂಡದ್ದು ಗಾಜಿನ ಮೇಲೆ. ಜೂನಿನ ಮಳೆಯಲ್ಲಿ ಗಾಜು ಮಬ್ಬಾಗುವುದು ಹೊಸದೇನಲ್ಲ. ಆದರೆ ಆ ಮಬ್ಬು ಬಟ್ಟೆಯಿಂದ ಒರಸಿದರೆ ಹೋಗುತ್ತದೆ. ಈ ಬಾರಿಯದು ಹೋಗಲಿಲ್ಲ. ಹಳೆಯ ಪಂಚೆಯ ತುಂಡಿನಿಂದ ಉಜ್ಜಿದಷ್ಟೂ ಗಾಜಿನ ಉದ್ದಕ್ಕೂ ಎಣ್ಣೆ ಬಳಿದಂತೆ ಹರಡುತ್ತಿತ್ತು. ಎದುರಿನಿಂದ ಬಂದ ಬಸ್ಸಿನ ಬೆಳಕು ಆ ಪದರದಲ್ಲಿ ಒಡೆದು ನೂರು ಗೆರೆಗಳಾಗುತ್ತಿತ್ತು. ಬೆರಳಿನಿಂದ ಒತ್ತಿ ಎಳೆದರೆ ಅಂಟು, ಮೂಗಿನ ಹತ್ತಿರ ತಂದರೆ ಸಿಹಿಯ ವಾಸನೆ, ಬೆಲ್ಲದ ಪಾಕ ಹದ ಮೀರಿದಾಗ ಬರುವ ವಾಸನೆಗೆ ಹತ್ತಿರದ್ದು. ಇಂಜಿನ್ ತಣಿಸುವ ನೀರಿಗೆ ಬೆರೆಸುವ ಕೂಲಂಟ್ ಎಂಬ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ಆವಿಯಾಗಿ ಬಂದು ಗಾಜಿನ ಮೇಲೆ ಕುಳಿತಾಗ ಹೀಗಾಗುತ್ತದೆ. ಈ ದ್ರವ ವಿಷ. ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕುತ್ತವೆ, ಮಕ್ಕಳಿರುವ ಮನೆಯಲ್ಲಿಯೂ ಎಚ್ಚರ ಬೇಕು. ಆವಿಯ ವಾಸನೆಯನ್ನು ದಿನವೂ ಮುಚ್ಚಿದ ಕಾರಿನಲ್ಲಿ ಸೇವಿಸುತ್ತಾ ಶಾಲೆಗೆ ಹೋಗಿಬರುವುದೂ ಒಳ್ಳೆಯದಲ್ಲ.

ಎರಡನೆಯ ಲಕ್ಷಣ ಎಡಗಡೆಯ ಕಾಲ್ಚೀಲವನ್ನು ಒದ್ದೆ ಮಾಡುವ ಕಾರ್ಪೆಟ್. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗುತ್ತದೆ, ಏಕೆಂದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಕಾರಿನ ನೆಲ ಒದ್ದೆಯಾಗುವುದಕ್ಕೆ ಕಾರಣಗಳ ಬರವಿಲ್ಲ. ಗಾಜಿನ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿರಬಹುದು. ವೈಪರಿನ ಕೆಳಗಿನ ಕಿಂಡಿಯಲ್ಲಿ ಗೋಡಂಬಿಯದೋ ಮಾವಿನದೋ ಎಲೆ ಕೊಳೆತು, ಹೊರಹೋಗುವ ದಾರಿ ಕಟ್ಟಿ, ಮಳೆನೀರು ಬ್ಲೋವರಿನ ಮೂಲಕ ಒಳಗೆ ಬಂದಿರಬಹುದು. ಏಸಿಯ ಕೂಲಿಂಗ್ ಕಾಯಿಲಿನಿಂದ ಇಳಿಯುವ ನೀರು ಕೆಳಗೆ ಹೋಗುವ ಸಣ್ಣ ರಬ್ಬರ್ ನಳಿಗೆಯಲ್ಲಿ ಮಣ್ಣು ತುಂಬಿ, ಆ ನೀರೇ ಒಳಗೆ ಚೆಲ್ಲಿರಬಹುದು. ಇವೆಲ್ಲವೂ ಹೀಟರ್ ಕಾಯಿಲಿಗಿಂತ ಹೆಚ್ಚು ಸಾಮಾನ್ಯ, ಮತ್ತು ಇವೆಲ್ಲಕ್ಕೂ ಪರಿಹಾರ ಅಗ್ಗ. ಮೆಕ್ಯಾನಿಕ್ ಬಿಳಿಯ ಕಾಗದದ ತುಂಡೊಂದನ್ನು ಕಾರ್ಪೆಟಿನ ಅಡಿಯ ನಾರಿನ ಪದರಕ್ಕೆ ಒತ್ತಿ ತೆಗೆದರು. ಮಳೆಯ ನೀರೂ ಏಸಿಯ ನೀರೂ ಕಾಗದದಲ್ಲಿ ಬೇಗ ಒಣಗಿ ಹೋಗುತ್ತವೆ; ಇದು ಒಣಗದೆ, ನಸು ಹಸಿರಿನ ಜಿಡ್ಡಾಗಿ ಉಳಿಯಿತು. ಆಮೇಲೆ ರೇಡಿಯೇಟರಿನ ಬಾಯಿಗೆ ಕೈಪಂಪು ಮತ್ತು ಮೀಟರ್ ಜೋಡಿಸಿ, ತಣ್ಣಗಿರುವ ಇಂಜಿನಿಗೆ ಮುಚ್ಚಳದಲ್ಲಿ ಬರೆದಷ್ಟೇ ಒತ್ತಡ ಕೊಟ್ಟು ಬಿಟ್ಟರು. ಮುಳ್ಳು ನಿಧಾನವಾಗಿ ಇಳಿಯಿತು, ಇಂಜಿನಿನ ಕೆಳಗೆ ಒಂದು ಹನಿಯೂ ಬೀಳಲಿಲ್ಲ, ಡ್ಯಾಶ್‌ಬೋರ್ಡಿನ ಹಿಂದೆ ಕಿವಿಯಿಟ್ಟರೆ ಸಣ್ಣಗೆ ಬುಸುಗುಟ್ಟುವ ಸದ್ದು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಈಗ ಗಾಜಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನನ್ನ ಇಡೀ ವಾದ ನಿಂತಿರುವುದು ಅದರ ಮೇಲೆ. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ವಿಟ್ಲದ ಮೂಲಕ ಕಲ್ಲಡ್ಕಕ್ಕೆ ಹೋಗುವ ರಸ್ತೆಯಲ್ಲಿ ಜಡಿಮಳೆಯ ಆಟಿ ತಿಂಗಳ ಸಂಜೆ ಕಾರು ಓಡಿಸಿದವರಿಗೆ ಗಾಜು ಎರಡು ಬಗೆಯಲ್ಲಿ ಮಬ್ಬಾಗುವುದು ಗೊತ್ತಿರುತ್ತದೆ. ಏಸಿಯನ್ನು ಜೋರಾಗಿಟ್ಟು ತಂಪು ಗಾಳಿಯನ್ನು ಗಾಜಿಗೆ ಊದಿದರೆ ಗಾಜು ತಣ್ಣಗಾಗಿ, ಹೊರಗಿನ ತೇವದ ಗಾಳಿ ಅದರ ಹೊರಮೈಯಲ್ಲಿ ಹನಿಗಟ್ಟುತ್ತದೆ. ವೈಪರ್ ಒಮ್ಮೆ ಬೀಸಿದರೆ ಅದು ಹೋಗುತ್ತದೆ, ಮತ್ತೆ ಬರುತ್ತದೆ. ಏಸಿ ಹಾಕದೆ ಕಿಟಕಿ ಮುಚ್ಚಿದರೆ ನೆನೆದ ಕೊಡೆ, ಒದ್ದೆ ಸೀರೆ, ನಾಲ್ಕು ಜನರ ಉಸಿರು ಇವುಗಳ ತೇವವೆಲ್ಲ ಒಳಮೈಯಲ್ಲಿ ಕೂರುತ್ತದೆ. ಅದಕ್ಕೆ ವೈಪರ್ ಏನೂ ಮಾಡಲಾರದು. ಒಳಗಿನದನ್ನು ಕಳೆಯಲು ಏಸಿ ಬೇಕು, ಹೊರಗಿನದನ್ನು ಕಳೆಯಲು ಗಾಜು ತೀರಾ ತಣ್ಣಗಾಗಬಾರದು. ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿಯೆಂದರೆ ಏಸಿ ಮತ್ತು ಹೀಟರನ್ನು ಒಟ್ಟಿಗೆ ಓಡಿಸುವುದು. ಹೀಗೆಂದರೆ ಹಲವರು ನಗುತ್ತಾರೆ. ಒಲೆಯನ್ನೂ ಫ್ರಿಜ್ಜನ್ನೂ ಜೊತೆಗೆ ಇಟ್ಟಂತಾಯಿತಲ್ಲ ಎನ್ನುತ್ತಾರೆ.

ಲೆಕ್ಕ ಹಾಕಿದರೆ ನಗುವಂಥದ್ದೇನೂ ಇಲ್ಲ. 25 ಡಿಗ್ರಿಯಲ್ಲಿ ತೇವದಿಂದ ತುಂಬಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಆ ಗಾಳಿ ಕೂಲಿಂಗ್ ಕಾಯಿಲನ್ನು ಹಾಯುವಾಗ 10 ಡಿಗ್ರಿಗೆ ಇಳಿಯಿತು ಎಂದಿಟ್ಟುಕೊಳ್ಳೋಣ. ಆಗ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು 9.4 ಗ್ರಾಂ ಮಾತ್ರ, ಉಳಿದದ್ದು ಹನಿಯಾಗಿ ನಳಿಗೆಯಲ್ಲಿ ಇಳಿದು ಕಾರಿನ ಕೆಳಗೆ ಬೀಳುತ್ತದೆ. ಅದೇ ಗಾಳಿ ಈಗ ಹೀಟರ್ ಕಾಯಿಲನ್ನು ಹಾದು 30 ಡಿಗ್ರಿಗೆ ಏರಿದರೆ ಅದರ ಸಾಮರ್ಥ್ಯ 30 ಗ್ರಾಂ, ಆದರೆ ಅದರಲ್ಲಿರುವುದು ಅದೇ 9.4 ಗ್ರಾಂ. ಅಂದರೆ ಸಾಪೇಕ್ಷ ಆರ್ದ್ರತೆ ಶೇಕಡಾ 31ರ ಆಸುಪಾಸು. ಹೊರಗೆ ಜಡಿಮಳೆಯಿದ್ದರೂ ಗಾಜಿಗೆ ತಗಲುವುದು ಮಾರ್ಚ್ ತಿಂಗಳ ಮಧ್ಯಾಹ್ನಕ್ಕಿಂತ ಒಣಗಿದ ಗಾಳಿ. ಅಡಿಕೆಯನ್ನು ಅಂಗಳದಲ್ಲಿ ಒಣಗಿಸುವವರಿಗೆ ಬಿಸಿಲಿಗಿಂತಲೂ ಒಣಗಾಳಿಯ ಬೆಲೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಮಡಿಕೇರಿಯ ಕಡೆ ಹತ್ತುವವರಿಗಂತೂ ಇದು ಅನುಕೂಲದ ಪ್ರಶ್ನೆಯಲ್ಲ. ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿಯಲ್ಲಿ ತಿರುವಿನಿಂದ ತಿರುವಿಗೆ ಹೊರಗಿನ ಗಾಳಿ ತಣ್ಣಗಾಗುತ್ತಾ ಹೋಗುವಾಗ, ಕತ್ತಲಲ್ಲಿ ಒಂದು ಕೈಯಿಂದ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಿಂದ ಗಾಜು ಒರಸುವುದು ನನಗೆ ಸಾಹಸವೆಂದು ಅನ್ನಿಸುವುದಿಲ್ಲ.

ಬೈಪಾಸಿನ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ರಾತ್ರಿ ದಾರಿಯಲ್ಲಿ ಕಾಯಿಲ್ ಒಡೆದು ಒಳಗೆಲ್ಲ ಹಬೆ ತುಂಬಿದರೆ, ಇಂಜಿನ್ ತಣಿಯುವ ತನಕ ಕಾದು, ಎರಡು ಹೋಸುಗಳನ್ನು ಒಂದಕ್ಕೊಂದು ಸೇರಿಸಿ ಮನೆ ತಲಪುವುದು ಜಾಣತನವೇ. ಎರಡರ ಬಾಯಿಗೂ ಬೋಲ್ಟ್ ತುರುಕಿ ಮುಚ್ಚುವುದು ಮಾತ್ರ ತಪ್ಪು. ಕೆಲವು ಇಂಜಿನುಗಳಲ್ಲಿ ಥರ್ಮೋಸ್ಟ್ಯಾಟ್ (ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಕವಾಟ) ಮುಚ್ಚಿರುವಾಗ ನೀರು ಸುತ್ತುವುದು ಹೀಟರಿನ ದಾರಿಯಿಂದಲೇ, ಅದನ್ನೂ ಕಟ್ಟಿದರೆ ಹೆಡ್ಡಿನಲ್ಲಿ, ಅಂದರೆ ಇಂಜಿನಿನ ಮೇಲ್ಭಾಗದಲ್ಲಿ, ನೀರು ನಿಂತಲ್ಲೇ ಕುದಿಯಬಹುದು. ರೇಡಿಯೇಟರಿಗೆ ಅರಸಿನ ಹುಡಿ ಹಾಕುವ ಹಳೆಯ ಡ್ರೈವರುಗಳ ಉಪಾಯವನ್ನೂ ನಾನು ಹಗುರವಾಗಿ ಕಾಣುವುದಿಲ್ಲ: ನೆನೆದು ಉಬ್ಬಿದ ಹುಡಿ ಸೂಜಿಮೊನೆಯಷ್ಟರ ರಂಧ್ರದಲ್ಲಿ ಸಿಕ್ಕಿಕೊಂಡು ಒಂದಷ್ಟು ದೂರ ಕಾಪಾಡುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ಮುಚ್ಚುವ ದ್ರವಗಳ ತತ್ತ್ವವೂ ಹೆಚ್ಚು ಕಡಿಮೆ ಅದೇ. ಆದರೆ ರಂಧ್ರ ಯಾವುದು, ನಳಿಗೆ ಯಾವುದು ಎಂದು ಹುಡಿಗೆ ತಿಳಿಯುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಿರಿದಾದ ದಾರಿಗಳು ಹೀಟರ್ ಕಾಯಿಲಿನವು. ಮೊದಲು ಕಟ್ಟುವುದೂ ಅವೇ.

ಬಿಚ್ಚುವ ಕೆಲಸವನ್ನು ವಿವರವಾಗಿ ಬರೆದರೆ ಓದುವವರಿಗೆ ಬೇಸರ ಬರಬಹುದು, ಮಾಡುವವರಿಗಂತೂ ಬಂದೇ ಬರುತ್ತದೆ. ಕಾರು ಕಾರಿಗೂ ಕ್ರಮ ಬೇರೆ. ಕೆಲವದರಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಕಾಯಿಲನ್ನು ಪಕ್ಕಕ್ಕೆ ಎಳೆದು ಹೊರತೆಗೆಯಬಹುದು. ನನ್ನದರಲ್ಲಿ ಡ್ಯಾಶ್‌ಬೋರ್ಡನ್ನೇ ಸಡಿಲಿಸಿ ಹಿಂದಕ್ಕೆ ಎಳೆಯಬೇಕಾಯಿತು, ಸ್ಟೀರಿಂಗಿನ ಕಂಬವನ್ನು ಕೆಳಗಿಳಿಸಬೇಕಾಯಿತು, ಕೂಲಿಂಗ್ ಕಾಯಿಲಿನ ಪೆಟ್ಟಿಗೆ ಅಡ್ಡ ಬಂದುದರಿಂದ ಏಸಿಯ ಗ್ಯಾಸನ್ನೂ ತೆಗೆಸಬೇಕಾಯಿತು. ಈ ಗ್ಯಾಸನ್ನು ಪೈಪು ಬಿಚ್ಚಿ ಗಾಳಿಗೆ ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಆರ್-134ಎ ಎಂಬ ಆ ಗ್ಯಾಸು ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿದ್ದು. ಯಂತ್ರದ ಮೂಲಕ ಸಿಲಿಂಡರಿಗೆ ಎಳೆದುಕೊಳ್ಳುವವರನ್ನು ಹುಡುಕಿದೆವು, ಸಿಕ್ಕಿದರು. ಬಿಸಿಲಿಗೆ ಇಪ್ಪತ್ತು ವರ್ಷ ಬೆಂದ ಪ್ಲಾಸ್ಟಿಕ್ ಕ್ಲಿಪ್ಪುಗಳು ಹಪ್ಪಳದ ಹಾಗೆ ಮುರಿಯುತ್ತವೆ, ಅದಕ್ಕೆ ಸಿದ್ಧರಾಗಿಯೇ ಇರಬೇಕು. ತಂತಿಗಳ ಜೋಡಣೆಗೊಂದೊಂದು ಚೀಟಿ ಅಂಟಿಸಿ, ಸ್ಕ್ರೂಗಳನ್ನು ಬಿಚ್ಚಿದ ಜಾಗದ ಹೆಸರು ಬರೆದ ಬೇರೆ ಬೇರೆ ತೊಟ್ಟೆಗಳಲ್ಲಿ ಹಾಕಿಡುವ ಕೆಲಸ ನನ್ನ ಪಾಲಿಗೆ ಬಂತು. ಉತ್ತರ ಪತ್ರಿಕೆಗಳನ್ನು ಕ್ರಮದಲ್ಲಿ ಕಟ್ಟಿ ಅಭ್ಯಾಸವಿದ್ದವರಿಗೆ ಅದು ಕಷ್ಟವಲ್ಲ. ಹೋಸನ್ನು ಕಾಯಿಲಿನ ಪೈಪಿನಿಂದ ಕಳಚುವಾಗ ಮೆಕ್ಯಾನಿಕ್ ತಿರುಚಲೂ ಇಲ್ಲ ಎಳೆಯಲೂ ಇಲ್ಲ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದರು. ಹಳೆಯ ಹೋಸು ಹೇಗೂ ಗುಜರಿಗೆ ಹೋಗಬೇಕಾದದ್ದು. ಎಳೆದಾಡಿದರೆ ಬಾಗುವುದು ಕಾಯಿಲಿನ ಮೃದುವಾದ ಪೈಪು.

ಹೊರಬಂದ ಕಾಯಿಲ್ ಹಿತ್ತಾಳೆ ಮತ್ತು ತಾಮ್ರದ್ದು, ಒಂದು ದಪ್ಪ ಪಠ್ಯಪುಸ್ತಕದಷ್ಟು ಗಾತ್ರದ್ದು. ಹೀಗಾಗಿ ಬೆಸುಗೆಯ ಆಸೆ ಹುಟ್ಟಿತು. ಕಾಸರಗೋಡು ಪೇಟೆಯಲ್ಲಿ ರೇಡಿಯೇಟರ್ ಕೆಲಸದ ಒಂದು ಸಣ್ಣ ಅಂಗಡಿಗೆ ಒಯ್ದೆವು. ಅಲ್ಲಿದ್ದ ವೃದ್ಧರು ಒಂದು ಪೈಪಿನ ಬಾಯಿಗೆ ರಬ್ಬರಿನ ಬೆಣೆ ಹೊಡೆದು, ಇನ್ನೊಂದಕ್ಕೆ ಗಾಳಿಯ ನಳಿಗೆ ಸಿಕ್ಕಿಸಿ, ಸಿಮೆಂಟಿನ ತೊಟ್ಟಿಯ ನೀರಿನಲ್ಲಿ ಕಾಯಿಲನ್ನು ಮುಳುಗಿಸಿದರು. ಮೂಲೆಯ ಬೆಸುಗೆಯ ಹತ್ತಿರ ಗುಳ್ಳೆಗಳು ಒಂದರ ಹಿಂದೆ ಒಂದು, ನೂಲಿಗೆ ಪೋಣಿಸಿದಂತೆ ಏಳತೊಡಗಿದವು. ಅವರು ಆ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಒರಸಿ, ಕೆರೆದು, ಆಸಿಡ್ ಸವರಿ, ಸೀಸ ಬೆರೆತ ಬೆಸುಗೆಯನ್ನು ಕರಗಿಸಿ ಹರಿಸಿದರು. ಮತ್ತೆ ಮುಳುಗಿಸಿದಾಗ ಆ ಮೂಲೆ ಮೌನವಾಗಿತ್ತು, ಒಂದು ಗೇಣು ಆಚೆ ಇನ್ನೊಂದು ನಳಿಗೆಯ ನಡುವಿನಿಂದ ಗುಳ್ಳೆ ಬಂತು. ಅವರು ಗಾಳಿ ನಿಲ್ಲಿಸಿ, ಕೊನೆಯ ತಗಡನ್ನು ಬಿಸಿ ಮಾಡಿ ಬಿಡಿಸಿ ಒಳಗನ್ನು ತೋರಿಸಿದರು. ಅರ್ಧದಷ್ಟು ನಳಿಗೆಗಳ ಬಾಯಲ್ಲಿ ಕೆಂಪು ಕೆಸರು ಗಟ್ಟಿಯಾಗಿ ಕೂತಿತ್ತು, ಉಳಿದವುಗಳ ಅಂಚು ಕಾಗದದಷ್ಟು ತೆಳುವಾಗಿತ್ತು. ಇಲ್ಲಿ ಮುಚ್ಚಿದರೆ ಅಲ್ಲಿ ಬಾಯಿ ತೆರೆಯುತ್ತದೆ, ಹೊಸತು ಹಾಕಿಸಿ ಎಂದರು. ಹಾಕಿದ ಬೆಸುಗೆಗೆ ಹಣ ತೆಗೆದುಕೊಳ್ಳಲು ಬಹಳ ಒತ್ತಾಯ ಮಾಡಬೇಕಾಯಿತು.

ಆ ಕೆಂಪು ಕೆಸರು ಎಲ್ಲಿಂದ ಬಂತು ಎನ್ನುವುದು ಈ ರಿಪೇರಿಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಪ್ರಶ್ನೆ. ನಮ್ಮ ಕಡೆಯ ತೋಟದ ಮನೆಗಳಿಗೆ ಸುರಂಗದ ನೀರಿನ ಬಗ್ಗೆ ಸಹಜವಾದ ಹೆಮ್ಮೆಯಿದೆ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಹನಿಯಾಗಿ ಇಳಿಸಿದ ಆ ನೀರು ಕನ್ನಡಿಯಂತೆ ತಿಳಿ. ಬೇಳೆ ಬೇಗ ಬೇಯುತ್ತದೆ, ಸಾಬೂನು ನೊರೆ ಬಿಡುತ್ತದೆ, ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವುದಿಲ್ಲ. ಆದ್ದರಿಂದ ಕಾರಿನ ರೇಡಿಯೇಟರಿಗೂ ಅದೇ ಶ್ರೇಷ್ಠ ಎಂಬ ನಂಬಿಕೆ. ಸುಣ್ಣದ ಮಟ್ಟಿಗೆ ಅದು ನಿಜ. ಆದರೆ ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಅದರಲ್ಲಿ ಕರಗಿದ ಆಮ್ಲಜನಕವೂ ಇಂಗಾಲದ ಡೈಆಕ್ಸೈಡೂ ಇರುತ್ತವೆ. ತುಕ್ಕನ್ನು ತಡೆಯುವ ಗುಣವಂತೂ ಏನೂ ಇಲ್ಲ. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ತಾಮ್ರದ ಕಾಯಿಲ್, ಸೀಸ-ತವರದ ಬೆಸುಗೆ ಇಷ್ಟೂ ಲೋಹಗಳನ್ನು ಒಂದೇ ಬಿಸಿನೀರಿನಲ್ಲಿ ಮುಳುಗಿಸಿಟ್ಟರೆ ಏನಾಗುತ್ತದೆ ಎಂದು ಅಡಿಕೆ ಬೆಳೆಗಾರರಿಗೆ ಪಾಠ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವ ಮೊದಲು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು 1 ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಚೂರಿಯ ಅಲಗನ್ನು ಅದರಲ್ಲಿ ಅದ್ದಿ ನೋಡುವುದಿಲ್ಲವೇ? ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಕರಗಿದ ತಾಮ್ರ ಹೊರಬಂದು, ಅದರ ಬದಲಿಗೆ ಅಲಗಿನ ಕಬ್ಬಿಣ ಕರಗಿರುತ್ತದೆ. ಕೆಟ್ಟ ನೀರಿರುವ ಇಂಜಿನಿನಲ್ಲಿ ನಡೆಯುವುದು ಇದೇ ರಸಾಯನ. ಕಾಯಿಲಿನಿಂದ ಕರಗಿದ ತಾಮ್ರ ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಅಲ್ಲಲ್ಲಿ ಕುಳಿತು ಗುಳಿ ಕೊರೆಯುತ್ತದೆ, ಕಬ್ಬಿಣ ತುಕ್ಕಾಗಿ ಉದುರುತ್ತದೆ, ಆ ತುಕ್ಕು ಹರಿವು ನಿಧಾನವಾಗಿರುವ ಕಾಯಿಲಿನ ತಳದಲ್ಲಿ ಸೇರಿಕೊಳ್ಳುತ್ತದೆ.

ಕೂಲಂಟನ್ನು ನಮ್ಮೂರಿನಲ್ಲಿ ಚಳಿದೇಶದವರ ದ್ರವ ಎಂದು ತಿಳಿಯುವುದುಂಟು. ಅರ್ಧಕ್ಕರ್ಧ ಬೆರೆಸಿದ ಗ್ಲೈಕಾಲ್ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನ ತನಕ ಹೆಪ್ಪುಗಟ್ಟುವುದಿಲ್ಲ ಎನ್ನುವ ಮಾತು ಕುಂಬಳೆಯಲ್ಲಿ ಯಾರಿಗೂ ಬೇಕಿಲ್ಲ, ಸರಿ. ನಮಗೆ ಬೇಕಾಗಿರುವುದು ಅದರಲ್ಲಿ ಬೆರೆಸಿರುವ ತುಕ್ಕುನಿರೋಧಕಗಳು, ಮತ್ತು ಅವುಗಳಿಗೆ ಆಯುಷ್ಯವಿದೆ ಎನ್ನುವ ತಿಳಿವಳಿಕೆ. ಹಳೆಯ ಮಾದರಿಯ ಹಸಿರು ಕೂಲಂಟನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬಣ್ಣ ಹಸಿರಾಗಿಯೇ ಉಳಿದಿದೆ ಎಂದಮಾತ್ರಕ್ಕೆ ಗುಣವೂ ಉಳಿದಿದೆ ಎಂದಲ್ಲ. ಮಟ್ಟ ಇಳಿದಾಗಲೆಲ್ಲ ಒಂದು ಚೆಂಬು ಬಾವಿನೀರು ಸುರಿಯುತ್ತಾ ಬಂದರೆ ಕೆಲವು ವರ್ಷಗಳಲ್ಲಿ ಒಳಗಿರುವುದು ಬಣ್ಣದ ನೀರು ಮಾತ್ರ.

ಹೊಸ ಕಾಯಿಲ್ ಮಂಗಳೂರಿನಿಂದ ಬಂತು. ಅದು ಅಲ್ಯೂಮಿನಿಯಂನದು, ಎರಡು ಬದಿಗೆ ಪ್ಲಾಸ್ಟಿಕ್. ತಾಮ್ರದ್ದರಂತೆ ಇದನ್ನು ಪೇಟೆಯ ಬೆಸುಗೆಯಲ್ಲಿ ರಿಪೇರಿ ಮಾಡಲಾಗದು, ಹೋದರೆ ಹೋಯಿತು. ಅಳತೆ ಸರಿಯಿದ್ದರೂ ಪೆಟ್ಟಿಗೆಯಲ್ಲಿ ಇಟ್ಟಾಗ ಸುತ್ತಲೂ ಸಂದಿ ಉಳಿಯಿತು. ಹಳೆಯದರ ಅಂಚಿಗಿದ್ದ ಸ್ಪಂಜಿನ ಪಟ್ಟಿ ಹುಡಿಯಾಗಿ ಹೋಗಿತ್ತು. ಇಂಥಲ್ಲಿ ‘ಇರಲಿ’ ಎಂದು ಬಿಟ್ಟರೆ ಗಾಳಿ ಕಾಯಿಲಿನ ಒಳಗೆ ಹೋಗುವ ಬದಲು ಪಕ್ಕದಿಂದ ನುಸುಳಿ, ಇಷ್ಟೆಲ್ಲ ಮಾಡಿಯೂ ಬಿಸಿ ಬರುವುದಿಲ್ಲ; ರಸ್ತೆಯ ಹೊಂಡಗಳಿಗೆ ಕಾಯಿಲ್ ಕಟಕಟನೆ ಅಲುಗುತ್ತದೆ. ಹೊಸ ಸ್ಪಂಜಿನ ಪಟ್ಟಿ ಅಂಟಿಸಿದರು. ಎರಡೂ ಹೋಸು, ನಾಲ್ಕೂ ಕ್ಲಿಪ್ಪು, ಕವಾಟ, ರೇಡಿಯೇಟರಿನ ಮುಚ್ಚಳ, ಥರ್ಮೋಸ್ಟ್ಯಾಟ್ ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. ಇವುಗಳ ಒಟ್ಟು ಬೆಲೆ ಡ್ಯಾಶ್‌ಬೋರ್ಡ್ ಬಿಚ್ಚಿ ಕಟ್ಟುವ ಕೂಲಿಗಿಂತ ಕಡಿಮೆ. ಅವುಗಳಲ್ಲೊಂದು ಮುಂದಿನ ವರ್ಷ ಕೈಕೊಟ್ಟರೆ ಮತ್ತೆ ಅದೇ ಕೂಲಿ. ಕಾಯಿಲ್ ಹಾಕುವ ಮೊದಲು ಇಂಜಿನನ್ನೂ ದೊಡ್ಡ ರೇಡಿಯೇಟರನ್ನೂ ಹರಿವಿನ ವಿರುದ್ಧ ದಿಕ್ಕಿನಿಂದ ತೊಳೆದದ್ದು ನನ್ನ ಹಟಕ್ಕೆ. ತೊಳೆದ ನೀರು ಮೊದಲು ಚಹಾದ ಬಣ್ಣಕ್ಕೆ, ಆಮೇಲೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ, ಕೊನೆಗೆ ತಿಳಿಗೆ ಬಂತು. ಆ ಕೆಸರನ್ನು ಒಳಗೇ ಬಿಟ್ಟಿದ್ದರೆ ಹೊಸ ಕಾಯಿಲಿನ ಕಿರಿದಾದ ನಳಿಗೆಗಳಿಗೆ ಅದೇ ಮೊದಲ ಆಹಾರ.

ಪೆಟ್ಟಿಗೆ ಕೂರಿಸಿದ ಮೇಲೆ, ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲೇ, ಮತ್ತೊಮ್ಮೆ ಒತ್ತಡ ಕೊಟ್ಟು ಮೀಟರಿನ ಮುಳ್ಳು ಅಲುಗದೆ ನಿಲ್ಲುವುದನ್ನು ನೋಡಿದೆವು. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟನ್ನು ತುಂಬುವಾಗ ಆತುರ ಸಲ್ಲದು. ಗಾಳಿಯ ಗುಳ್ಳೆಯೊಂದು ಕಾಯಿಲಿನಲ್ಲೋ ಹೆಡ್ಡಿನಲ್ಲೋ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡಿನ ಹಿಂದೆ ಗಳಗಳ ಸದ್ದು ಬರುತ್ತದೆ, ಮೀಟರಿನಲ್ಲಿ ಬಿಸಿ ಏರಿಳಿಯುತ್ತದೆ, ಎಷ್ಟು ಹೊತ್ತಾದರೂ ತಣ್ಣಗಾಳಿಯೇ ಬೀಸುತ್ತದೆ. ಗ್ಯಾರೇಜಿನ ಎದುರಿನ ಏರಿನಲ್ಲಿ ಮೂತಿ ಮೇಲಾಗುವಂತೆ ಕಾರನ್ನು ನಿಲ್ಲಿಸಿ, ಲಿವರನ್ನು ಕೆಂಪು ತುದಿಗೆ ಎಳೆದು, ನಿಧಾನವಾಗಿ ತುಂಬಿಸಿ, ಮುಚ್ಚಳ ತೆರೆದಿಟ್ಟೇ ತಣ್ಣಗಿನ ಇಂಜಿನನ್ನು ಚಾಲೂ ಮಾಡಿದರು. ಮೆಕ್ಯಾನಿಕ್ ಮೇಲಿನ ಹೋಸನ್ನು ಆಗಾಗ ಹಿಸುಕುತ್ತಿದ್ದರು, ಪ್ರತಿ ಹಿಸುಕಿಗೂ ಬಾಯಿಯಲ್ಲಿ ಗುಳ್ಳೆಯೊಂದು ಒಡೆದು ಮಟ್ಟ ಇಳಿಯುತ್ತಿತ್ತು. ಥರ್ಮೋಸ್ಟ್ಯಾಟ್ ತೆರೆದು, ಕೆಳಗಿನ ಹೋಸೂ ಬಿಸಿಯಾಗಿ, ಕೊನೆಗೆ ಫ್ಯಾನ್ ತಾನಾಗಿಯೇ ತಿರುಗಿದಾಗ ಮುಚ್ಚಳ ಬಿಗಿದರು. ಹೀಟರಿನ ಎರಡೂ ಹೋಸುಗಳ ಮೇಲೆ ಕೈಯಿಟ್ಟು ನೋಡಿದೆ. ಒಂದು ಬಿಸಿ ಒಂದು ತಣ್ಣಗಿದ್ದರೆ ಹರಿವಿಲ್ಲವೆಂದು ಅರ್ಥ, ಇವು ಎರಡೂ ಕೈ ಇಡಲಾಗದಷ್ಟು ಬಿಸಿ. ಬಿಸಿಯಿರುವ ಇಂಜಿನಿನ ಮುಚ್ಚಳವನ್ನು ಮಾತ್ರ ಯಾರೂ ತೆರೆಯಬಾರದು. ಒತ್ತಡದಲ್ಲಿರುವ ನೀರು ಹೊರಗೆ ಬಂದ ಕ್ಷಣವೇ ಹಬೆಯಾಗಿ ಮುಖಕ್ಕೆ ಹಾರುತ್ತದೆ.

ಕಾರ್ಪೆಟ್ ವಿಷಯದಲ್ಲಿ ಒಂದು ಮಾತು. ಮೇಲಿನ ಬಟ್ಟೆ ಒಣಗಿದರೆ ಸಾಲದು, ಅಡಿಯ ನಾರಿನ ಪದರ ಹೀರಿಕೊಂಡ ಗ್ಲೈಕಾಲ್ ತಾನಾಗಿ ಆರುವುದಿಲ್ಲ. ಅದನ್ನು ಹೊರತೆಗೆದು, ಹಲವು ಬಾರಿ ನೀರು ಹಾಯಿಸಿ, ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಒಣಗಲು ಹಾಕಿದೆವು. ಮಳೆಗಾಲದಲ್ಲಿ ಬೇರೆ ದಾರಿಯಿರಲಿಲ್ಲ. ಗಾಜಿನ ಒಳಮೈಯನ್ನು ಪಾತ್ರೆ ತೊಳೆಯುವ ಸಾಬೂನಿನ ನೀರಿನಿಂದಲೂ ಆಮೇಲೆ ಸ್ಪಿರಿಟಿನಿಂದಲೂ ಒರಸಿದ ಬಳಿಕವೇ ಜಿಡ್ಡು ಪೂರ್ತಿ ಬಿಟ್ಟದ್ದು.

ಹೀಟರಿಗೆ ಇನ್ನೂ ಒಂದು ಉಪಯೋಗವಿದೆ, ಘಾಟಿ ಹತ್ತಿಳಿದು ಪಳಗಿದ ಹಳೆಯ ಟ್ಯಾಕ್ಸಿ ಡ್ರೈವರುಗಳಿಗೆ ಗೊತ್ತಿರುವಂಥದ್ದು. ಏರಿನಲ್ಲಿ ಲಾರಿಯ ಹಿಂದೆ ತೆವಳುತ್ತಾ ಇಂಜಿನಿನ ಬಿಸಿ ಮಿತಿ ಮೀರುವ ಹೊತ್ತಿಗೆ ಏಸಿ ಆರಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ತೆರೆದು ಬ್ಲೋವರನ್ನು ಜೋರಾಗಿಟ್ಟರೆ, ಕಾಯಿಲ್ ಎರಡನೆಯ ರೇಡಿಯೇಟರಾಗಿ ಒಂದಷ್ಟು ಶಾಖವನ್ನು ಇಳಿಸುತ್ತದೆ. ಒಳಗಿದ್ದವರು ಬೆವರಿ ಬೈಯಬಹುದು, ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಪದರವಾದ ಹೆಡ್ ಗ್ಯಾಸ್ಕೆಟ್ ಮಾತ್ರ ಉಳಿಯುತ್ತದೆ. ಬೈಪಾಸ್ ಮಾಡಿದ ಕಾರಿನಲ್ಲಿ ಈ ಕೊನೆಯ ಉಪಾಯವೂ ಇರುವುದಿಲ್ಲ ಎಂದು ಮೆಕ್ಯಾನಿಕರಿಗೆ ಹೇಳಿದೆ. ಅವರು ತಲೆಯಾಡಿಸಿ, “ಅದು ಸರಿ ಟೀಚರೇ, ಆದರೆ ಡ್ಯಾಶ್‌ಬೋರ್ಡ್ ಬಿಚ್ಚುವವನು ನಾನಲ್ಲವಾ” ಎಂದರು.

ಉಳಿದದ್ದು ಬಕೆಟಿನಲ್ಲಿದ್ದ ಹಳೆಯ ಕೂಲಂಟಿನ ಪ್ರಶ್ನೆ. ಚರಂಡಿಗೆ ಚೆಲ್ಲುವುದು ವಾಡಿಕೆ. ನಮ್ಮ ಕಡೆ ಚರಂಡಿಯೆಂದರೆ ತೋಡು, ತೋಡಿನಿಂದ ತೋಟ, ತೋಟದ ಬದಿಯಲ್ಲೇ ಬಾವಿ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಇಂಜಿನ್ ಆಯಿಲ್ ಸಂಗ್ರಹಿಸುವವರ ವಾಹನ ಬರುವ ಗ್ಯಾರೇಜೊಂದಕ್ಕೆ ಒಯ್ದು ಕೊಟ್ಟೆ. ಆಯಿಲಿನೊಂದಿಗೆ ಬೆರೆಸಬಾರದೆಂದು ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದಿದ್ದೇನೆ. ತಾಮ್ರದ ಕಾಯಿಲನ್ನು ಗುಜರಿಯವರು ತೂಕಕ್ಕೆ ತೆಗೆದುಕೊಂಡರು. ಒಳಗಿದ್ದ ಕೆಸರಿನ ತೂಕವನ್ನು ಕಳೆದೇ ಹಣ ಕೊಟ್ಟರು.